ಮುನ್ ಹಿಂದಕ್ಕೆ ಹೋದ ಪ್ರೋಬ್ ಮಾತೇ ಕೇಳುತ್ತಿಲ್ಲ, ಏನು ಮಾಡಲಿ?

ಒಂಟಿಕೊಪ್ಪಲ್_ಹುಡುಗ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ಕೆಎಸ್‌ಪಿ ಆಟದ ವಿಷಯ. ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್, ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ. ಹೋದ ಸಲ ಬರೀ ಕೆಎಸ್‌ಪಿ ಅಂತ ಬರೆದಿದ್ದಕ್ಕೆ ಒಬ್ಬರು ಬಂದು ಪಿಎಸ್‌ಐ ಆಗಲು ಎತ್ತರ ಎಷ್ಟಿರಬೇಕು ಅಂತ ಕೇಳಿದ್ದರು.

ಹೊಸದಾಗಿ ಕರಿಯರ್ ಮೋಡ್ ಶುರು ಮಾಡಿದ್ದೇನೆ. ಇಷ್ಟು ದಿನ ಸುಲಭದ ಸೆಟ್ಟಿಂಗ್‌ನಲ್ಲೇ ಆಡಿಕೊಂಡಿದ್ದೆ. ಈ ಸಲ ಜಂಭಕ್ಕೆ ಎರಡು ಕಡೆ ಕೈ ಹಾಕಿದೆ. ಸಿಗ್ನಲ್ ಇಲ್ಲದಿದ್ದರೆ ಪ್ರೋಬ್ (ಒಳಗೆ ಜನರಿಲ್ಲದ ನೌಕೆ) ಮೇಲೆ ಹಿಡಿತವೇ ಇರಬಾರದು, ಅದೊಂದು. ಹೆಚ್ಚುವರಿ ಗ್ರೌಂಡ್ ಸ್ಟೇಷನ್‌ಗಳೆಲ್ಲ ಆಫ್, ಅದು ಇನ್ನೊಂದು. ಅಂದರೆ ಇಡೀ ಕೆರ್ಬಿನ್ ಗ್ರಹದಲ್ಲಿ ಆಕಾಶದ ಜೊತೆ ಮಾತಾಡಲು ಸ್ಪೇಸ್ ಸೆಂಟರ್ ಒಂದೇ.

ಶನಿವಾರ ರಾತ್ರಿ ಮೊದಲ ಪ್ರೋಬ್ ಮುನ್ ಕಡೆಗೆ ಹೊರಟಿತು. ಆಡದವರಿಗೆ ಹೇಳುವುದಾದರೆ, ಮುನ್ ಅಂದರೆ ಕೆರ್ಬಿನ್‌ನ ಚಂದ್ರ. ಎಲ್ಲ ಸರಿಯಿತ್ತು. ಮುನ್‌ನಿಂದ 30 ಕಿ.ಮೀ. ಎತ್ತರದಲ್ಲಿ ಹಾದುಹೋಗುವ ದಾರಿ. ಅಲ್ಲಿ ಎಂಜಿನ್ ಉರಿಸಿ ಸೆಕೆಂಡಿಗೆ ಸುಮಾರು 280 ಮೀಟರ್‌ನಷ್ಟು ವೇಗ ಇಳಿಸಿದರೆ ಮುನ್ ಸುತ್ತ ಕಕ್ಷೆಗೆ ಬೀಳುತ್ತದೆ. ಎಂಜಿನ್ ಯಾವಾಗ, ಎಷ್ಟು ಉರಿಸಬೇಕು ಅಂತ ತೋರಿಸುವ ಮೇನೂವರ್ ನೋಡ್ ಇಟ್ಟುಕೊಂಡು ಕಾಯುತ್ತಾ ಕೂತೆ. ಎಂಜಿನ್ ಉರಿಸಲು ಇನ್ನೂ ಆರೇಳು ನಿಮಿಷ ಇರುವಾಗ ಮೇಲೆ ಸಿಗ್ನಲ್ ತೋರಿಸುವ ಹಸಿರು ಗೆರೆ ಮಾಯವಾಯಿತು. ಪ್ರೋಬ್ ಮುನ್ ಹಿಂದೆ ಹೋಗಿತ್ತು.

ಅಮ್ಮ ಅಡುಗೆಮನೆಯಿಂದ ದೋಸೆ ತಣ್ಣಗಾಗುತ್ತದೆ ಅಂತ ಕೂಗುತ್ತಿದ್ದಾರೆ. ನಾನು ಎಂಜಿನ್ ಪೂರ್ತಿ ಉರಿಸುವ ಝಡ್ ಕೀ ಒತ್ತುತ್ತಲೇ ಇದ್ದೇನೆ. ಎಂಜಿನ್ ಕಮಕ್ ಕಿಮಕ್ ಅನ್ನಲಿಲ್ಲ. ಸಮಯ ಬಂತು, ಹೋಯಿತು. ಈಚೆ ಬದಿಗೆ ಬಂದು ಸಿಗ್ನಲ್ ಸಿಗುವ ಹೊತ್ತಿಗೆ ಅದು ಕೆರ್ಬಿನ್ನನ್ನೇ ಬಿಟ್ಟು ಸೂರ್ಯನ ಸುತ್ತ ಹೋಗುವ ದಾರಿ ಹಿಡಿದಿತ್ತು. ಸಿಟ್ಟಿಗೆ ಆಟದ ಸಮಯ ಬೇಗ ಓಡಿಸುವ ಟೈಮ್ ವಾರ್ಪ್ ಒತ್ತಿ ದೋಸೆ ತಿನ್ನಲು ಹೋದೆ. ಬಂದು ನೋಡಿದರೆ ರೇಂಜ್ ದಾಟಿ ಹೋಗಿತ್ತು.

ಇದಕ್ಕೆ ಸಿಗ್ನಲ್ ದಾಟಿಸುವ ರಿಲೇ ಸ್ಯಾಟಲೈಟ್ ಬೇಕು ಅಂತ ಗೊತ್ತು. ಎಷ್ಟು, ಎಲ್ಲಿ, ಯಾವ ಆಂಟೆನಾ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಬೂಸ್ಟರ್_ಬಸ್ಯ

ಸುಲಭ. ಒಳಗೆ ಜೆಬ್‌ನನ್ನು ಕೂರಿಸಿ ಕಳಿಸು. ಪೈಲಟ್ ಇದ್ದರೆ ಸಿಗ್ನಲ್‌ನ ಹಂಗೇ ಇಲ್ಲ.

ಒಂಟಿಕೊಪ್ಪಲ್_ಹುಡುಗ

ಹೋದ ಕರಿಯರ್‌ನಲ್ಲಿ ಜೆಬ್‌ನನ್ನು ಕೂರಿಸಿಯೇ ಕಳಿಸಿದ್ದೆ ಗುರು. ವಾಪಸ್ ಕರೆತರಲು ಮೂರು ರಾಕೆಟ್ ಖರ್ಚಾಯಿತು. ಎರಡನೇ ರಾಕೆಟ್‌ನವರನ್ನು ಕರೆತರಲು ಮೂರನೆಯದು.

ಡೆಲ್ಟಾವಿ_ಅಕ್ಕ (ಕುವೆಂಪುನಗರ)

ಒಂಟಿಕೊಪ್ಪಲ್ ತಮ್ಮಾ, ನಿನಗಾಗಿದ್ದು ಎಲ್ಲರಿಗೂ ಒಂದು ಸಲ ಆಗುವಂಥದ್ದೇ. ಕಕ್ಷೆಗೆ ಬೀಳಿಸುವ ಉರಿ ಹೆಚ್ಚುಕಡಿಮೆ ಯಾವಾಗಲೂ ಚಂದ್ರನ ಆಚೆ ಬದಿಯಲ್ಲೇ ಬರುತ್ತದೆ. ಕೆಲಸ ಇರುವ ಜಾಗದಲ್ಲೇ ಸಿಗ್ನಲ್ ಇರುವುದಿಲ್ಲ. ನೀನು ಆ ಸೆಟ್ಟಿಂಗ್ ಹಾಕದಿದ್ದರೆ ಅರ್ಧ ಹಿಡಿತವಾದರೂ ಉಳಿಯುತ್ತಿತ್ತು. ಎಂಜಿನ್ ಪೂರ್ತಿ ಉರಿಸು ಇಲ್ಲ ಪೂರ್ತಿ ಆರಿಸು, ಅಷ್ಟೇ. ಆದರೂ ಪ್ರಾಣ ಉಳಿಯುತ್ತಿತ್ತು.

ಈಗ ಲೆಕ್ಕಕ್ಕೆ ಬಾ. 2016ರಲ್ಲಿ ಬಂದ 1.2 ಆವೃತ್ತಿಯಿಂದ ಸಿಗ್ನಲ್ ಲೆಕ್ಕ ನೋಡಿಕೊಳ್ಳುವ ಕಾಮ್‌ನೆಟ್ ಆಟದಲ್ಲೇ ಇದೆ. ಅದರ ಸೂತ್ರ ತುಂಬಾ ಸರಳ. ಎರಡು ಆಂಟೆನಾಗಳ ಬಲವನ್ನು ಗುಣಿಸು, ವರ್ಗಮೂಲ ತೆಗೆ. ಬಂದಷ್ಟು ಮೀಟರ್ ದೂರ ಅವೆರಡೂ ಮಾತಾಡುತ್ತವೆ.

ಸ್ಪೇಸ್ ಸೆಂಟರ್‌ನಲ್ಲಿರುವ, ಅಪ್‌ಗ್ರೇಡ್ ಮಾಡದ ಟ್ರ್ಯಾಕಿಂಗ್ ಸ್ಟೇಷನ್‌ನ ಬಲ 200 ಕೋಟಿ. ನಿನ್ನ ಪ್ರೋಬ್‌ನಲ್ಲಿದ್ದದ್ದು ಕಮ್ಯುನೋಟ್ರಾನ್ 16 ಅನ್ನುವ ಆಂಟೆನಾ ಇರಬೇಕು, ಅದರ ಬಲ 5 ಲಕ್ಷ. ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 31,600 ಕಿ.ಮೀ. ಮುನ್ ಇರುವುದು 12,000 ಕಿ.ಮೀ.ನಲ್ಲಿ, ಸಲೀಸು. ಎರಡನೇ ಚಂದ್ರ ಮಿನ್ಮಸ್ 47,000 ಕಿ.ಮೀ., ಅದು ಎಟುಕುವುದಿಲ್ಲ. ಅಂದರೆ ನಿನ್ನ ತೊಂದರೆ ದೂರದ್ದಲ್ಲ, ಮರೆಯದ್ದು. ಮಧ್ಯೆ ಕಲ್ಲುಗುಂಡು ಬಂದರೆ ಎಷ್ಟು ದೊಡ್ಡ ಆಂಟೆನಾ ಇದ್ದರೂ ಅಷ್ಟೇ.

ಇನ್ನೊಂದು. ಕಮ್ಯುನೋಟ್ರಾನ್ 16 ತನ್ನ ಮಾತು ಮಾತ್ರ ಆಡುತ್ತದೆ, ಬೇರೆಯವರ ಮಾತು ದಾಟಿಸುವುದಿಲ್ಲ. ದಾಟಿಸಲು ರಿಲೇ ಅಂತ ಬರೆದಿರುವ ಆಂಟೆನಾನೇ ಬೇಕು. ಬೇಗ ಸಿಗುವುದು ಎಚ್‌ಜಿ-5, ಬಲ 50 ಲಕ್ಷ. ಅದೂ ಕಮ್ಯುನೋಟ್ರಾನ್ 16 ಮಾತಾಡುವ ದೂರ ಬರೀ 1,581 ಕಿ.ಮೀ. ಹಾಗಾಗಿ ಮುನ್ ರಿಲೇಯನ್ನು ತೀರಾ ಎತ್ತರಕ್ಕೆ ಕಳಿಸಬೇಡ. 1,200 ಕಿ.ಮೀ. ಎತ್ತರ ಸಾಕು. ಅಲ್ಲಿಂದ ದಿಗಂತದ ಅಂಚಿನಲ್ಲಿರುವ ಲ್ಯಾಂಡರ್‌ಗೂ ಸುಮಾರು 1,385 ಕಿ.ಮೀ. ಆಗುತ್ತದೆ, ರೇಂಜ್ ಒಳಗೇ ಇರುತ್ತೀಯ. ಮುನ್ ಮೇಲೆ ಒಂದೇ ಜಾಗಕ್ಕೆ ನೇರ ನಿಲ್ಲಿಸೋಣ ಅಂತ ಮಾತ್ರ ಹೊರಡಬೇಡ. ಅಷ್ಟು ಎತ್ತರಕ್ಕೆ ಹೋಗುವ ಮೊದಲೇ ಮುನ್‌ನ ಸೆಳೆತದ ಗಡಿ ಮುಗಿದುಹೋಗುತ್ತದೆ.

ಗದ್ದೆಬದು (ಪಾಂಡವಪುರ ಕಡೆ)

ಇದನ್ನು ಓದಿ ನಗು ಬಂತು. ನಾನು ಈ ಆಟ ಆಡಿರುವುದು ನಾಲ್ಕು ತಿಂಗಳು. ಆದರೆ ನಿಮ್ಮ ಪ್ರೋಬ್‌ನ ಕಷ್ಟ ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಇದೆ.

ನಮ್ಮ ಬೋರ್‌ವೆಲ್ ಮನೆಯಿಂದ ಎರಡು ಕಿ.ಮೀ. ದೂರ. ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಡಬ್ಬಿಯೊಳಗೆ ಒಂದು ಸಿಮ್. ನಂಬರಿಗೆ ಫೋನ್ ಮಾಡಿದರೆ ಅದೇ ಎತ್ತಿಕೊಳ್ಳುತ್ತದೆ, ಕರೆಂಟ್ ಇದೆಯೋ ಇಲ್ಲವೋ ಹೇಳುತ್ತದೆ, ಒಂದು ಒತ್ತಿದರೆ ಮೋಟಾರ್ ಆನ್. ನಮ್ಮಪ್ಪ ಮಂಚದ ಮೇಲೆ ಮಲಗಿಕೊಂಡೇ ಕಬ್ಬಿಗೆ ನೀರು ಬಿಡುತ್ತಾರೆ.

ಈಗ ಕಷ್ಟ ಕೇಳಿ. ತ್ರೀ ಫೇಸ್ ಬರುವುದು ರಾತ್ರಿ. ಕರೆಂಟ್ ಹೋಗಿದ್ದಾಗ ಊರ ಟವರ್‌ನ ಬ್ಯಾಟರಿ ಖಾಲಿಯಾಗಿರುತ್ತದೆ. ಕರೆಂಟ್ ಬಂದರೂ ಟವರ್ ಏಳಲು ಸ್ವಲ್ಪ ಹೊತ್ತು ಬೇಕು. ಒಂದು ಸಲ ಸಿಮ್‌ಗೆ ರೀಚಾರ್ಜ್ ಮಾಡುವುದೇ ಮರೆತುಹೋಗಿತ್ತು. ಅಪ್ಪ ಹತ್ತು ಸಲ ಫೋನ್ ಮಾಡಿದರು. ನಿಮ್ಮ ಝಡ್ ಕೀ ಇದ್ದ ಹಾಗೆ. ಕೊನೆಗೆ ನಾನು ಟಾರ್ಚ್ ಹಿಡಿದು ಬದುವಿನ ಮೇಲೆ ಹೋಗಿ ಕೈಯಲ್ಲೇ ಆನ್ ಮಾಡಿದೆ. ನಮ್ಮನೆ ಜೆಬ್ ನಾನೇ.

ಹಳೇಟವರ್ (ಸರಸ್ವತಿಪುರಂ)

ನಾನು ಆಟ ಆಡುವವನಲ್ಲ. ಮೊಮ್ಮಗ ಆಡುತ್ತಾನೆ, ಅವನ ಪಕ್ಕ ಕೂತು ನೋಡುತ್ತೇನೆ. ಕೆಲಸ ಮಾಡಿದ್ದು ಟೆಲಿಫೋನ್‌ನಲ್ಲಿ, ಮೈಕ್ರೋವೇವ್ ಲಿಂಕ್ ಕಡೆ. ಅದಕ್ಕೇ ಒಂದೆರಡು ಮಾತು.

ಮೇಡಂ ಹೇಳಿದ ವರ್ಗಮೂಲ ಸುಮ್ನೆ ಇಟ್ಟಿದ್ದಲ್ಲ. ರೇಡಿಯೋ ಅಲೆ ಹರಡುತ್ತಾ ಹೋಗುತ್ತದೆ. ದೂರ ಎರಡರಷ್ಟಾದರೆ ತಲುಪುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ದೂರವನ್ನು ಎರಡರಷ್ಟು ಮಾಡಲು ಒಟ್ಟು ಬಲ ನಾಲ್ಕರಷ್ಟಾಗಬೇಕು. ಅದು ಕಳಿಸುವ ಕಡೆ ಹೆಚ್ಚಾದರೂ ಸರಿ, ಕೇಳುವ ಕಡೆ ಹೆಚ್ಚಾದರೂ ಸರಿ. ಬ್ಯಾಲಾಳಿನಲ್ಲಿ ಇಸ್ರೋದವರು 32 ಮೀಟರ್ ಅಗಲದ ಆಂಟೆನಾ ಇಟ್ಟಿರುವುದು ಇದಕ್ಕೇ. ನೌಕೆಯಲ್ಲಿ ದೊಡ್ಡದನ್ನು ಹೊತ್ತೊಯ್ಯಲು ಆಗುವುದಿಲ್ಲ, ನೆಲದ ಮೇಲೆ ಎಷ್ಟು ದೊಡ್ಡದಾದರೂ ಕಟ್ಟಬಹುದು. ಆಟದಲ್ಲಿ ಟ್ರ್ಯಾಕಿಂಗ್ ಸ್ಟೇಷನ್ ಅಪ್‌ಗ್ರೇಡ್ ಮಾಡಿದರೆ ಹಳೇ ಪ್ರೋಬ್‌ಗಳ ರೇಂಜ್ ಕೂಡ ತಾನಾಗಿ ಹೆಚ್ಚುತ್ತದಲ್ಲ, ಮೊಮ್ಮಗನಿಗೆ ಅದು ಮೋಸ ಅನ್ನಿಸಿತ್ತು. ಮೋಸ ಅಲ್ಲ, ಹಾಗೇ ಇರುವುದು.

ಮರೆಯ ವಿಷಯವೂ ಅಷ್ಟೇ. ನಮ್ಮ ಕಾಲದಲ್ಲಿ ಲಿಂಕ್ ಹಾಕುವ ಮೊದಲು ಎರಡು ಟವರ್ ನಡುವೆ ಗುಡ್ಡ, ಮರ ಅಡ್ಡ ಬರುತ್ತದೆಯೇ ಅಂತ ನಕ್ಷೆ ಮೇಲೆ ಗೆರೆ ಎಳೆದು ನೋಡುತ್ತಿದ್ದೆವು. ತೆಂಗಿನ ಮರ ಬೆಳೆಯುತ್ತದೆ ಅನ್ನುವುದನ್ನು ಮರೆತು ಒಮ್ಮೆ ಪೇಚಿಗೆ ಸಿಕ್ಕಿದ್ದೂ ಇದೆ.

ಪ್ರಶ್ನೆ ಕೇಳಿದ ಹುಡುಗ ಒಂಟಿಕೊಪ್ಪಲಿನವನು ಅನ್ನುವುದು ಚೆಂದ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಸಣ್ಣ ಟ್ರಾನ್ಸ್‌ಮೀಟರ್ ಇಟ್ಟುಕೊಂಡು ಬಾನುಲಿ ಶುರು ಮಾಡಿದ್ದು ಅಲ್ಲೇ. ಆಕಾಶವಾಣಿ ಅನ್ನುವ ಹೆಸರು ಮೈಸೂರಿನಿಂದ ಹೋಗಿದ್ದು. ಅವರಿಗೂ ಇದೇ ಪ್ರಶ್ನೆ ಇತ್ತು, ಎಲ್ಲಿವರೆಗೆ ಕೇಳಿಸುತ್ತದೆ ಅಂತ.

ಒಂಟಿಕೊಪ್ಪಲ್_ಹುಡುಗ

ಸರ್, ಅವರ ಮನೆ ಇದ್ದ ಕಡೆಯೇ ದಿನಾ ಓಡಾಡುತ್ತೇನೆ. ಇದು ಗೊತ್ತೇ ಇರಲಿಲ್ಲ.

ಅಕ್ಕಾ, ನೀವು ಹೇಳಿದ ಹಾಗೆ ಮುನ್ ರಿಲೇ ಕಳಿಸಿದೆ, ಚೆನ್ನಾಗಿದೆ. ಆದರೆ ಸ್ಪೇಸ್ ಸೆಂಟರ್ ಆಚೆ ಬದಿಗೆ ತಿರುಗಿದಾಗ ಎಲ್ಲ ಮೂಕ. ಕೆರ್ಬಿನ್‌ನ ಒಂದು ದಿನ 6 ಗಂಟೆ, ಅದರಲ್ಲಿ ಅರ್ಧ ಹೀಗೇ ಹೋಗುತ್ತದೆ. ಸರಿ, ಕೆರ್ಬಿನ್ ಸುತ್ತಲೂ ಮೂರು ಸ್ಯಾಟಲೈಟ್ ಇಡೋಣ ಅಂತ ಎರಡು ಸಂಜೆ ಕೂತೆ. ನಮ್ಮ ಇನ್ಸಾಟ್‌ಗಳ ಥರ ಒಂದೇ ಜಾಗಕ್ಕೆ ನೇರ ನಿಲ್ಲುವ ಎತ್ತರ, 2,863 ಕಿ.ಮೀ. ಮೂರರಲ್ಲೂ ಎಚ್‌ಜಿ-5. ತ್ರಿಕೋನ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ಫೋಟೋ ತೆಗೆದು ವಾಲ್‌ಪೇಪರ್ ಮಾಡಿಕೊಂಡೆ.

ಅವು ಒಂದಕ್ಕೊಂದು ಮಾತೇ ಆಡುತ್ತಿಲ್ಲ! ಸ್ಪೇಸ್ ಸೆಂಟರ್‌ಗೆ ಕಾಣುವುದು ಮಾತ್ರ ಹಸಿರು. ಉಳಿದವು ಮುಖ ತಿರುಗಿಸಿಕೊಂಡು ಕೂತಿವೆ. ಮಧ್ಯೆ ಏನೂ ಅಡ್ಡ ಇಲ್ಲ.

ಡೆಲ್ಟಾವಿ_ಅಕ್ಕ

ಅಯ್ಯೋ. ಇದು ನಾನು ಮೊದಲೇ ಹೇಳಬೇಕಿತ್ತು.

ಎಚ್‌ಜಿ-5 ಇನ್ನೊಂದು ಎಚ್‌ಜಿ-5 ಜೊತೆ ಮಾತಾಡುವುದು 5,000 ಕಿ.ಮೀ. ತನಕ. ಈಗ ನಿನ್ನ ತ್ರಿಕೋನದ ಬದಿ ಅಳೆ. ಎತ್ತರ 2,863, ಕೆರ್ಬಿನ್ ತ್ರಿಜ್ಯ 600, ಒಟ್ಟು 3,463. ಇದನ್ನು ಮೂರರ ವರ್ಗಮೂಲದಿಂದ, ಅಂದರೆ 1.732ರಿಂದ ಗುಣಿಸು. 5,999 ಕಿ.ಮೀ. ಬರುತ್ತದೆ. ಸಾವಿರ ಕಿ.ಮೀ. ಸಾಲದು, ಅಷ್ಟೇ. ನಾನು ಇದೇ ತಪ್ಪು ಮಾಡಿದಾಗ ಆಟದಲ್ಲೇ ಬಗ್ ಇದೆ ಅಂತ ಮೂರು ದಿನ ಬೈದುಕೊಂಡು ತಿರುಗಿದ್ದೆ.

ಒಂದೇ ಜಾಗಕ್ಕೆ ನೇರ ನಿಲ್ಲಬೇಕು ಅನ್ನುವ ಆಸೆ ಬಿಡು. ಅದು ಮನೆ ಮೇಲಿನ ಡಿಶ್ ತಿರುಗಿಸಲಾಗದವರಿಗೆ ಬೇಕಾದದ್ದು. ನಿನಗೆ ಬೇಕಿರುವುದು ಮೂರೂ ಒಂದನ್ನೊಂದು ನೋಡುತ್ತಿರುವುದು. ಅದಕ್ಕೆ ಎತ್ತರ 600 ಕಿ.ಮೀ. ದಾಟಿದರೆ ಸಾಕು, ಇಲ್ಲದಿದ್ದರೆ ಗೆರೆ ಕೆರ್ಬಿನ್‌ಗೆ ತಾಗುತ್ತದೆ. 1,000 ಕಿ.ಮೀ. ಒಳ್ಳೆಯ ಎತ್ತರ. ಆಗ ಬದಿ 2,771 ಕಿ.ಮೀ. ಮಾತ್ರ.

ಮೂರನ್ನೂ ಒಂದೇ ರಾಕೆಟ್‌ನಲ್ಲಿ ಹೊತ್ತುಕೊಂಡು ಹೋಗು. ಈ ಉಪಾಯವನ್ನು ನಿಧಾನವಾಗಿ ಓದು. 1,000 ಕಿ.ಮೀ. ವೃತ್ತದಲ್ಲಿ ಒಂದು ಸುತ್ತಿಗೆ ಸುಮಾರು 1 ಗಂಟೆ 52 ನಿಮಿಷ 47 ಸೆಕೆಂಡ್. ಹೊತ್ತೊಯ್ಯುವ ನೌಕೆಯ ಕಕ್ಷೆ ಇದರ ಮೂರರಲ್ಲಿ ಎರಡು ಭಾಗ ಇರಲಿ, ಅಂದರೆ 1 ಗಂಟೆ 15 ನಿಮಿಷ 11 ಸೆಕೆಂಡ್. ಮೇಲಿನ ತುದಿ 1,000 ಕಿ.ಮೀ., ಕೆಳಗಿನ ತುದಿ 242 ಕಿ.ಮೀ. ಹತ್ತಿರ. ಪ್ರತಿ ಸಲ ಮೇಲಿನ ತುದಿಗೆ ಬಂದಾಗ ಒಂದನ್ನು ಬಿಡು. ಬಿಟ್ಟದ್ದು ತನ್ನ ಎಂಜಿನ್ ಉರಿಸಿ ವೃತ್ತಕ್ಕೆ ಬರಲಿ. ನೌಕೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಮೊದಲನೆಯದು ಮೂರನೇ ಎರಡು ಸುತ್ತು ಮುಗಿಸಿರುತ್ತದೆ. ನಡುವೆ 120 ಡಿಗ್ರಿ ತಾನಾಗಿ ಬಿತ್ತು, ಅಲ್ವಾ?

ಕೊನೆಯ ಮಾತು. ಎತ್ತರ ಮೀಟರ್ ಲೆಕ್ಕಕ್ಕೆ ಹೊಂದಿಸಲು ಹೋಗಬೇಡ. ಮೂರರ ಸುತ್ತಿನ ಸಮಯ ಸೆಕೆಂಡ್‌ವರೆಗೆ ಒಂದೇ ಇರಲಿ. ಎತ್ತರ ಸ್ವಲ್ಪ ಆಚೀಚೆ ಆದರೆ ಏನೂ ಆಗುವುದಿಲ್ಲ, ಸಮಯ ಆಚೀಚೆ ಆದರೆ ಆಟದ ಒಂದೆರಡು ವರ್ಷದಲ್ಲಿ ಮೂರೂ ಒಂದೇ ಕಡೆ ಗುಂಪು ಸೇರುತ್ತವೆ. ಎಂಜಿನ್ ಮೇಲೆ ರೈಟ್ ಕ್ಲಿಕ್ ಮಾಡಿ ಥ್ರಸ್ಟ್ ಲಿಮಿಟರ್ ಕಡಿಮೆ ಮಾಡಿಕೊ. ಇಲ್ಲದಿದ್ದರೆ ಕೀ ಒಂದು ಸಲ ತಾಗಿಸಿದರೆ ಹತ್ತು ಸೆಕೆಂಡ್ ಹೆಚ್ಚಾಗುತ್ತದೆ, ಇನ್ನೊಂದು ಸಲ ತಾಗಿಸಿದರೆ ಹನ್ನೆರಡು ಕಡಿಮೆಯಾಗುತ್ತದೆ.

ಮುನ್ ರಿಲೇ ಈ ಮೂರರ ಜೊತೆ ಮಾತಾಡಬೇಕೆಂದರೆ ಎಚ್‌ಜಿ-5 ಸಾಲದು. ಕೆರ್ಬಿನ್ ಬಳಿಯ ಮೂರಕ್ಕೂ ಅದಕ್ಕಿಂತ ಬಲವಾದ ರಿಲೇ ಆಂಟೆನಾ ಆರ್‌ಎ-2 ಬೇಕು. ಟೆಕ್ ಟ್ರೀಯಲ್ಲಿ, ಅಂದರೆ ಹೊಸ ಭಾಗಗಳು ಒಂದೊಂದಾಗಿ ಸಿಗುವ ಪಟ್ಟಿಯಲ್ಲಿ, ಅದು ಸಿಕ್ಕ ಮೇಲೆ ಈ ಕೆಲಸಕ್ಕೆ ಕೈ ಹಾಕು.

ಸುಮ್ನೆ_ಹಾರ್ಸು

ನನಗೊಂದು ಅನುಮಾನ. ಇದು ಆಟವೋ, ಸಪ್ಲಿಮೆಂಟರಿ ಪರೀಕ್ಷೆಯೋ? ಸೆಟ್ಟಿಂಗ್ ಆಫ್ ಮಾಡಿದರೆ ಎಲ್ಲ ಮುಗಿಯಿತಲ್ಲ. ಆಫೀಸಿನಿಂದ ಬಂದು ಒಂದು ಗಂಟೆ ಸಿಗುತ್ತದೆ, ಅದರಲ್ಲಿ ನಾನು ವರ್ಗಮೂಲ ತೆಗೆಯಬೇಕಾ? ಮೇಲೆ ಇನ್ನು ಯಾರಾದರೂ ಬಂದು ರಿಮೋಟ್‌ಟೆಕ್ ಹಾಕಿಕೊ ಅನ್ನುತ್ತಾರೆ ನೋಡಿ.

ಡೆಲ್ಟಾವಿ_ಅಕ್ಕ

ರಿಮೋಟ್‌ಟೆಕ್ ಹಾಕಿಕೊ.

ಇಲ್ಲಪ್ಪ, ತಮಾಷೆಗೆ ಅಂದೆ. ಆಫ್ ಮಾಡಿ ಆಡಿದರೆ ಯಾರೂ ಬೈಯುವುದಿಲ್ಲ. ನಾನು ಮೊದಲ ವರ್ಷ ಹಾಗೇ ಆಡಿದ್ದು. ಆದರೆ ಆನ್ ಇದ್ದಾಗ ಬರುವ ಎದೆ ಡವಡವ ಆಫ್ ಇದ್ದಾಗ ಬರುವುದಿಲ್ಲ. ಅದು ಬೇಕೋ ಬೇಡವೋ ನಿಮ್ಮಿಷ್ಟ.

ಕೇಳಿದ್ದಕ್ಕೆ ಹೇಳುತ್ತೇನೆ, ರಿಮೋಟ್‌ಟೆಕ್ ಅಂದರೆ ಕಾಮ್‌ನೆಟ್‌ಗಿಂತ ಹಳೆಯ ಮಾಡ್, ಅಂದರೆ ಆಟಗಾರರೇ ಬರೆದು ಆಟಕ್ಕೆ ಸೇರಿಸುವ ತುಂಡು. ಅದು ಹಾಕಿದರೆ ಮೇಲಿನ ರೇಂಜ್ ಲೆಕ್ಕವೆಲ್ಲ ಮರೆತುಬಿಡಿ, ಅದರದ್ದು ಬೇರೆ. ಡಿಶ್ ಆಂಟೆನಾ ಯಾರ ಕಡೆ ನೋಡಬೇಕು ಅಂತಲೂ ನೀವೇ ಹೇಳಬೇಕು. ಮಡಿಚಿಟ್ಟ ಆಂಟೆನಾ ಬಿಚ್ಚು ಅನ್ನುವ ಆದೇಶಕ್ಕೂ ಸಿಗ್ನಲ್ ಬೇಕು. ಬಿಚ್ಚುವುದು ಮರೆತು ದೂರ ಹೋದರೆ, ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ.

ಅದಕ್ಕಿಂತ ದೊಡ್ಡದು ವಿಳಂಬ. ಬೆಳಕಿನ ವೇಗದಲ್ಲಿ ನಿಮ್ಮ ಆದೇಶ ಹೋಗಬೇಕು. ಮುನ್‌ಗೆ 0.04 ಸೆಕೆಂಡ್, ಗೊತ್ತೂ ಆಗುವುದಿಲ್ಲ. ಕೆಂಪು ಗ್ರಹ ಡ್ಯೂನಾಗೆ ಹತ್ತಿರ ಇದ್ದಾಗ ಸುಮಾರು 24 ಸೆಕೆಂಡ್, ಆಚೆ ಬದಿಯಲ್ಲಿದ್ದಾಗ 114. ನಿಜವಾದ ಮಂಗಳಕ್ಕೆ 3ರಿಂದ 22 ನಿಮಿಷ ಹಿಡಿಯುತ್ತದೆ. ಆಟದ ಸೌರವ್ಯೂಹ ನಮ್ಮದರ ಹತ್ತರಲ್ಲೊಂದು ಪಾಲಿನಷ್ಟಿರುವುದರಿಂದ ಇಲ್ಲಿ ರಿಯಾಯಿತಿ. ಆದರೆ ಇಳಿಯುವಾಗ 24 ಸೆಕೆಂಡ್ ಕೂಡ ಒಂದು ಯುಗವೇ. ಆದೇಶಗಳನ್ನು ಮೊದಲೇ ಸಾಲಾಗಿ ಇಟ್ಟುಬಿಡಲು ಅದರಲ್ಲೇ ಫ್ಲೈಟ್ ಕಂಪ್ಯೂಟರ್ ಇದೆ.

ಹಳೇಟವರ್

ಮಂಗಳದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ಕಕ್ಷೆಗೆ ಸೇರುವುದನ್ನು ಟಿವಿಯಲ್ಲಿ ನೋಡುತ್ತಿದ್ದೆ. ಈ ಹುಡುಗನ ಪ್ರೋಬ್‌ಗೆ ಆಗಿದ್ದು ಅಲ್ಲಿ ನಿಜವಾಗಿ ನಡೆಯುತ್ತಿತ್ತು. ಎಂಜಿನ್ ಸುಮಾರು 24 ನಿಮಿಷ ಉರಿಯಬೇಕು. ಉರಿಯುತ್ತಿರುವಾಗಲೇ ನೌಕೆ ಮಂಗಳದ ಮರೆಗೆ ಹೋಗುತ್ತದೆ. ಮೇಲೆ ಇಲ್ಲಿಂದ ಅಲ್ಲಿಗೆ ಮಾತು ತಲುಪಲು ಹನ್ನೆರಡೂವರೆ ನಿಮಿಷ. ಏನಾದರೂ ಹೆಚ್ಚುಕಡಿಮೆ ಆದರೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಅವರು ಮಾಡಿದ್ದೇನು? ಮಾಡಬೇಕಾದ್ದನ್ನೆಲ್ಲ ದಿನಗಳ ಮುಂಚೆಯೇ ನೌಕೆಯ ಕಂಪ್ಯೂಟರ್‌ಗೆ ಕಳಿಸಿಟ್ಟರು. ಆ ಎಂಜಿನ್ ಸುಮಾರು 300 ದಿನ ಸುಮ್ಮನಿತ್ತು. ಕೆಲಸ ಮಾಡುತ್ತದೋ ಇಲ್ಲವೋ ಅಂತ ಎರಡು ದಿನ ಮೊದಲು, 22ಕ್ಕೆ, ಬರೀ 4 ಸೆಕೆಂಡ್ ಉರಿಸಿ ನೋಡಿದರು. 24ರ ಬೆಳಗ್ಗೆ ಬೆಂಗಳೂರಿನಲ್ಲಿ ಕೂತಿದ್ದ ಅಷ್ಟೂ ಜನಕ್ಕೆ ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ನನ್ನ ಹೆಂಡತಿ, ಅಷ್ಟು ದೊಡ್ಡ ಕೋಣೆಯಲ್ಲಿ ಎಲ್ಲರೂ ಕೈಕಟ್ಟಿ ಕೂತಿದ್ದಾರಲ್ಲ, ಕೆಲಸ ಯಾರು ಮಾಡುತ್ತಿದ್ದಾರೆ ಅಂತ ಕೇಳಿದಳು.

ಗದ್ದೆಬದು

ಸರ್, ನಮ್ಮ ಕಡೆ ವಿ.ಸಿ. ನಾಲೆ ಕೊನೆ ಭಾಗದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕನ್ನಂಬಾಡಿಯಲ್ಲಿ ಇವತ್ತು ಗೇಟ್ ಎತ್ತಿದರೆ ನೀರು ಇವತ್ತೇ ಬರುವುದಿಲ್ಲ. ಕಟ್ಟೆ 124.80 ಅಡಿ ತುಂಬಿದೆ ಅಂತ ಪೇಪರ್‌ನಲ್ಲಿ ಓದಿಕೊಂಡು ಒಣಗಿದ ಗದ್ದೆ ಬದುವಿನ ಮೇಲೆ ಕೂತಿರಬೇಕು. ನೀರು ಬಂದಾಗ ಮಳೆಯೂ ಬಂದರೆ, ಬೇಡ ನಿಲ್ಲಿಸಿ ಅಂದರೂ ದಾರಿಯಲ್ಲಿ ಇರುವುದು ಬಂದೇ ಬರುತ್ತದೆ.

ಪಂಪ್‌ಸೆಟ್ ವಿಷಯಕ್ಕೂ ಕೊನೆಗೆ ನಾವು ಅದೇ ಮಾಡಿದ್ದು. ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ತಕ್ಷಣ ಅದೇ ಆನ್ ಆಗುತ್ತದೆ. ಫೋನೂ ಬೇಡ, ಟವರೂ ಬೇಡ. ಅಪ್ಪ ಆರಾಮಾಗಿ ನಿದ್ದೆ ಮಾಡಿದರು, ಎರಡು ತಿಂಗಳು. ಆಮೇಲೆ ಬೇಸಿಗೆಯಲ್ಲಿ ಬೋರ್‌ನಲ್ಲಿ ನೀರು ಇಳಿಯಿತು. ಅದಕ್ಕೇನು ಗೊತ್ತು? ಕರೆಂಟ್ ಬಂತು, ಆನ್ ಆಯಿತು. ರಾತ್ರಿಯೆಲ್ಲ ಖಾಲಿ ಓಡಿ ಮೋಟಾರ್ ಕಾಯಿಲ್ ಸುಟ್ಟಿತು. ನಾವು ಹೇಳಿದ್ದನ್ನೇ ಮಾಡಿದೆ, ತಪ್ಪು ಅದರದ್ದಲ್ಲ. ಈಗ ನೀರಿಲ್ಲದಿದ್ದರೆ ತಾನೇ ನಿಲ್ಲುವಂಥದ್ದು ಹಾಕಿಸಿದ್ದೇವೆ.

ಬೂಸ್ಟರ್_ಬಸ್ಯ

ಗದ್ದೆಬದು ಅಣ್ಣನನ್ನು ಯಾರಾದರೂ ಇಸ್ರೋಗೆ ಸೇರಿಸಿ ಪ್ಲೀಸ್.

ಸುಮ್ನೆ_ಹಾರ್ಸು

ಸರಿ ಸರಿ, ಆನ್ ಮಾಡಿ ನೋಡುತ್ತೇನೆ. ಒಂದು ಪ್ರಶ್ನೆ. ಚಂದ್ರಯಾನ-3 ಇಳಿಯುವಾಗ ರಿಲೇ ಇತ್ತಾ?

ಡೆಲ್ಟಾವಿ_ಅಕ್ಕ

ಇತ್ತು. 2019ರ ಚಂದ್ರಯಾನ-2ರಲ್ಲಿ ಲ್ಯಾಂಡರ್ ಹೋಯಿತು, ಆದರೆ ಆರ್ಬಿಟರ್ ಚಂದ್ರನ ಸುತ್ತ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. 2023ರ ಆಗಸ್ಟ್ 23ಕ್ಕೆ ಹೊಸ ವಿಕ್ರಮ್ ಇಳಿಯುವ ಎರಡು ದಿನ ಮೊದಲು ಆ ಹಳೇ ಆರ್ಬಿಟರ್ ಜೊತೆ ಸಂಪರ್ಕ ಮಾಡಿಸಿದರು. ವಿಕ್ರಮ್ ಬ್ಯಾಲಾಳಿನ ಜೊತೆ ನೇರವಾಗಿಯೂ ಮಾತಾಡುತ್ತಿತ್ತು. ಹೋದ ಸಲದ ಆರ್ಬಿಟರ್ ಈ ಸಲದ ರಿಲೇ, ಹುಡುಗ ನೋಡಿಕೊ. ಇಂಧನ ಉಳಿದ ನೌಕೆಯನ್ನು ಎಸೆಯಬೇಡ.

ಇಳಿದದ್ದು ಮಾತ್ರ ಯಾರ ಮಾತೂ ಕೇಳದೆ, ತನ್ನಷ್ಟಕ್ಕೆ. ಚಂದ್ರನಿಗೆ ಹೋಗಿ ಬರಲು ಎರಡೂವರೆ ಸೆಕೆಂಡ್ ಆದರೂ ಕೈಯಲ್ಲಿ ಇಳಿಸುವ ಧೈರ್ಯ ಮಾಡಲಿಲ್ಲ. ನಿಧಾನಕ್ಕೆ ಓಡಿಸುವುದಾದರೆ ಬೇರೆ ಮಾತು. 1970ರಲ್ಲಿ ಸೋವಿಯತ್‌ನವರು ಲುನೋಖೋದ್ ರೋವರನ್ನು ಭೂಮಿಯಿಂದಲೇ ಐದು ಜನರ ತಂಡ ಕೂರಿಸಿ ಓಡಿಸಿದ್ದರು.

ಚಂದ್ರನ ಆಚೆ ಬದಿಯಲ್ಲಿ ಇಳಿದದ್ದು ಚೀನಾದ ಚಾಂಗ್'ಇ-4, 2019ರ ಜನವರಿಯಲ್ಲಿ. ಅವರು ಅದಕ್ಕೆ ಮೊದಲೇ, 2018ರಲ್ಲೇ, ಚಂದ್ರನ ಆಚೆ ಲಗ್ರಾಂಜ್ ಬಿಂದುವಿನ (ಭೂಮಿ, ಚಂದ್ರ ಎರಡರ ಸೆಳೆತವೂ ಸೇರಿ ನೌಕೆಯನ್ನು ಚಂದ್ರನ ಜೊತೆಗೇ ಸಾಗಿಸುವ ಜಾಗ) ಸುತ್ತ ಒಂದು ರಿಲೇ ಇಟ್ಟಿದ್ದರು. ನಮ್ಮ ಆಟದಲ್ಲಿ ಅದನ್ನು ಮಾಡಲು ಹೋಗಬೇಡಿ, ಲಗ್ರಾಂಜ್ ಬಿಂದುಗಳೇ ಇಲ್ಲ. ಇಲ್ಲಿ ಒಂದು ಸಲಕ್ಕೆ ಒಂದೇ ಗ್ರಹದ ಸೆಳೆತ ಲೆಕ್ಕಕ್ಕೆ ಬರುವುದು.

ಒಂಟಿಕೊಪ್ಪಲ್_ಹುಡುಗ

ಎರಡು ವಾರ ಆಯಿತು, ವರದಿ ಒಪ್ಪಿಸಲು ಬಂದಿದ್ದೇನೆ.

ಆರ್‌ಎ-2 ಹಾಕಿ ಮೂರು ಸ್ಯಾಟಲೈಟ್ 1,000 ಕಿ.ಮೀ.ಯಲ್ಲಿ ಕೂತವು. ಮೂರನೆಯದರಲ್ಲಿ 1 ಸೆಕೆಂಡ್ ವ್ಯತ್ಯಾಸ ಉಳಿಯಿತು, ಕಣ್ಣು ಮುಚ್ಚಿಕೊಂಡೆ. ಮುನ್ ಆಚೆ ಬದಿಯಲ್ಲಿ ಲ್ಯಾಂಡರ್ ಇಳಿಸಿದೆ. ಆ ಕೆಳಗೆ ಇಳಿಯುವಾಗಲೂ ಹಸಿರು ಗೆರೆ ಇತ್ತಲ್ಲ, ಏನು ಖುಷಿ ಗೊತ್ತಾ.

ಆಮೇಲೆ ಕೆಟ್ಟ ಬುದ್ಧಿ ಬಂತು. ಇನ್ನೊಂದು ಸೇವ್ ಮಾಡಿ ರಿಮೋಟ್‌ಟೆಕ್ ಹಾಕಿದೆ. ಡ್ಯೂನಾಗೆ ಲ್ಯಾಂಡರ್ ಕಳಿಸಿದೆ. ತಲುಪಿದಾಗ ವಿಳಂಬ 63 ಸೆಕೆಂಡ್.

ಮೊದಲ ಸಲ ಅಂದಾಜಿನ ಮೇಲೆ ಪ್ಯಾರಾಚೂಟ್ ಆದೇಶ 63 ಸೆಕೆಂಡ್ ಮುಂಚೆ ಕಳಿಸಿದೆ. ಅಂದಾಜು ತಪ್ಪಿತು. ಲ್ಯಾಂಡರ್ ನೆಲಕ್ಕೆ ಬಡಿದು ಪುಡಿಯಾದ ಮೇಲೂ ನನ್ನ ಎಂಜಿನ್ ಆನ್ ಆದೇಶ ದಾರಿಯಲ್ಲೇ ಬರುತ್ತಿತ್ತು. ಅದನ್ನು ನೋಡುತ್ತಾ ಕೂತಿದ್ದೆ. ಗದ್ದೆಬದು ಅಣ್ಣನ ನಾಲೆ ನೀರು ನೆನಪಾಯಿತು.

ಎರಡನೇ ಸಲ ಕೆಓಎಸ್ ಮಾಡ್ ಹಾಕಿ ನೌಕೆಯ ಒಳಗೇ ಓಡುವ ಪ್ರೋಗ್ರಾಂ ಬರೆದೆ. ಅದಕ್ಕೆ ವಿಳಂಬ ಇಲ್ಲ. ಎತ್ತರ ಇಷ್ಟಾದಾಗ ಪ್ಯಾರಾಚೂಟ್, ಇಷ್ಟಾದಾಗ ಎಂಜಿನ್. ಚೆನ್ನಾಗಿಯೇ ಇಳಿಯುತ್ತಿತ್ತು, ಎಂಜಿನ್ ಇನ್ನೂ ಉರಿಯಲೇ ಇಲ್ಲ, ಧಡ್. ನಾನು ಬರೆದಿದ್ದು ಆಲ್ಟಿಟ್ಯೂಡ್, ಅಂದರೆ ಗ್ರಹದ ಶೂನ್ಯ ಮಟ್ಟದಿಂದ ಎತ್ತರ. ಕೆಳಗಿದ್ದದ್ದು ಎರಡು ಕಿ.ಮೀ. ಎತ್ತರದ ದಿಣ್ಣೆ. ಅದರ ಲೆಕ್ಕದಲ್ಲಿ ನೆಲ ಇನ್ನೂ ದೂರ ಇತ್ತು. ಹೇಳಿದ್ದನ್ನೇ ಮಾಡಿತು ಅಣ್ಣ. ಖಾಲಿ ಬೋರ್‌ನಲ್ಲಿ ಮೋಟಾರ್ ಓಡಿದ ಹಾಗೆ.

ಗದ್ದೆಬದು

ಕಾಯಿಲ್ ಕಟ್ಟಿಸುವ ಖರ್ಚಾದರೂ ಉಳಿಯಿತಲ್ಲ ತಮ್ಮಾ.

ಡೆಲ್ಟಾವಿ_ಅಕ್ಕ

ಆಲ್ಟ್ ರೇಡಾರ್ ಅಂತ ಬರಿ, ಕಾಲ ಕೆಳಗಿನ ನೆಲದಿಂದ ಅಳೆಯುತ್ತದೆ. ಇನ್ನೊಂದು ಮುಖ್ಯ ವಿಷಯ. ಪ್ರೋಗ್ರಾಂ ಫೈಲ್ ಇರುವುದು ಸ್ಪೇಸ್ ಸೆಂಟರ್‌ನ ಆರ್ಕೈವ್‌ನಲ್ಲಿ. ಸಿಗ್ನಲ್ ಇರುವಾಗಲೇ ಅದನ್ನು ನೌಕೆಯ ಡಿಸ್ಕ್‌ಗೆ ಕಾಪಿ ಮಾಡಿಕೊಂಡಿರಬೇಕು. ಡ್ಯೂನಾ ಹಿಂದೆ ಹೋದ ಮೇಲೆ ಓಡಿಸಲು ಹೋದರೆ ಫೈಲೇ ಸಿಗುವುದಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಪುಸ್ತಕ ಮನೆಯಲ್ಲಿದೆ ಅಂದರೆ ಏನು ಪ್ರಯೋಜನ.

ಒಂಟಿಕೊಪ್ಪಲ್_ಹುಡುಗ

ಮೂರನೇ ಸಲ. ಇವತ್ತು ಬೆಳಗ್ಗೆ.

ಫೈಲ್ ಕಾಪಿ ಮಾಡಿದೆ, ಎರಡು ಸಲ ನೋಡಿಕೊಂಡೆ. ಹಳೇಟವರ್ ಸರ್ ಹೇಳಿದ್ದು ನೆನಪಿಟ್ಟುಕೊಂಡು ಎಂಜಿನ್ನನ್ನು ಮೊದಲೇ ಎರಡು ಸೆಕೆಂಡ್ ಉರಿಸಿ ನೋಡಿದೆ. ಅವಶ್ಯಕತೆ ಇರಲಿಲ್ಲ, ಆಟದಲ್ಲಿ ಎಂಜಿನ್ ಕೆಡುವುದಿಲ್ಲ. ಆದರೂ.

ಆಟದಲ್ಲಿ ಆದೇಶ ಮಾತ್ರ ತಡವಾಗಿ ಹೋಗುತ್ತದೆ, ನೋಟ ತಡವಾಗುವುದಿಲ್ಲ. ಇಳಿಯುವುದು ಆಗಿಂದಾಗಲೇ ಕಾಣುತ್ತದೆ. ನನಗೆ ಅದು ಸರಿ ಅನ್ನಿಸಲಿಲ್ಲ. ಪ್ರೋಗ್ರಾಂ ಓಡಿಸು ಅಂತ ಆದೇಶ ಕೊಟ್ಟು ಮಾನಿಟರ್ ಆಫ್ ಮಾಡಿ ಅಡುಗೆಮನೆಗೆ ಹೋದೆ. ಅಮ್ಮ ಡಿಕಾಕ್ಷನ್ ಇಳಿಸುತ್ತಿದ್ದರು. ಏನೋ ಕಳಕೊಂಡವನ ಹಾಗೆ ನಿಂತಿದ್ದೀಯಲ್ಲ ಅಂದರು. ಇಳಿಯುತ್ತಿದೆ ಅಮ್ಮ ಅಂದೆ. ಇಳಿಯಲು ಇನ್ನೂ ಹೊತ್ತಿದೆ, ಪುಡಿ ಈಗ ತಾನೇ ಹಾಕಿದ್ದು ಅಂದರು.

ಲೋಟ ಹಿಡಿದು ಬಂದು ಮಾನಿಟರ್ ಆನ್ ಮಾಡಿದೆ. ನಿಂತಿತ್ತು. ಸ್ವಲ್ಪ ವಾಲಿಕೊಂಡು, ಒಂದು ಕಾಲು ಮುರಿದುಕೊಂಡು. ಆಂಟೆನಾ ಬಿಚ್ಚಿಕೊಂಡಿತ್ತು.

ಹಳೇಟವರ್

ಭೇಷ್. ಮೊಮ್ಮಗನಿಗೆ ಓದಿ ಹೇಳಿದೆ.

ಬೂಸ್ಟರ್_ಬಸ್ಯ

ಅದೆಲ್ಲ ಸರಿ. ಹಳೇ ಸೇವ್‌ನಲ್ಲಿ ದೋಸೆ ತಿನ್ನಲು ಹೋಗಿ ಕಳಕೊಂಡೆಯಲ್ಲ, ಆ ಮೊದಲ ಪ್ರೋಬ್ ಏನಾಯಿತು?

ಒಂಟಿಕೊಪ್ಪಲ್_ಹುಡುಗ

ಸೂರ್ಯನ ಸುತ್ತ ತಿರುಗುತ್ತಿದೆ. ಬ್ರೇಕ್ ಹಾಕಲು ಇಟ್ಟಿದ್ದ ಇಂಧನ ಹಾಗೇ ಇದೆ. ಸಿಗ್ನಲ್ ಇಲ್ಲ.